ಪರೂರಿನ ಮೂಲೆ

ಪೀಟರ್ ಬಕ್ಲಿ ಬರ್ಮಿಂಗ್‌ಹ್ಯಾಮಿನ ಬಾಕ್ಸರ್. 1989ರಿಂದ 2008ರವರೆಗೆ ವೃತ್ತಿಪರ ರಿಂಗ್‌ನಲ್ಲಿ 300 ಸಲ ಕಾದಾಡಿದ. ಗೆದ್ದದ್ದು 32, ಸಮವಾದದ್ದು 12, ಸೋತದ್ದು 256. ನಿವೃತ್ತಿಯ ಹೊತ್ತಿಗೆ ಪತ್ರಿಕೆಗಳು ಅವನನ್ನು ಜಗತ್ತಿನ ಅತಿ ಕಳಪೆ ಬಾಕ್ಸರ್ ಅಂತ ಕರೆದು ಮಜಾ ತೆಗೆದುಕೊಂಡವು. ಆದರೆ ಆ 256ರ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ, ತಲೆಬರಹಕ್ಕೆ ಅದು ಬರಲಿಲ್ಲ. ಅಷ್ಟೂ ಸೋಲಿನಲ್ಲಿ ಕೊನೆಯ ಗಂಟೆಗೆ ಮೊದಲೇ ಅವನನ್ನು ಮುಗಿಸಲು ಆದದ್ದು ಹತ್ತು ಸಲ ಮಾತ್ರ. ಎದುರಿಗೆ ನಿಂತವರಲ್ಲಿ ಮುಂದೆ ವಿಶ್ವ ಚಾಂಪಿಯನ್ ಆದ ನಸೀಮ್ ಹಮೀದ್ ಇದ್ದ, ಅದೂ ಎರಡು ಸಲ. 1992ರ ಮೊದಲ ಸಲ, ಮುಂದೆ ತನ್ನ ಗುದ್ದಿಗೆ ಹೆಸರಾದ ಆ ಹುಡುಗನೂ ಬಕ್ಲಿಯ ಎದುರು ಪೂರ್ತಿ ಆರು ಸುತ್ತು ಆಡಿ ಅಂಕಗಳ ಮೇಲೆ ಗೆಲ್ಲಬೇಕಾಯಿತು.

ತನ್ನೂರಿಗೆ ರಂಗ, ಪರೂರಿಗೆ ಮಂಗ ಅಂತ ನಮ್ಮಲ್ಲಿ ಗಾದೆ ಇದೆ. ಬ್ರಿಟನ್ನಿನ ಬಾಕ್ಸಿಂಗ್ ಲೋಕದಲ್ಲಿ ಇದನ್ನೇ ಎರಡು ಮೂಲೆಗಳಾಗಿ ಹಂಚಿಟ್ಟಿದ್ದಾರೆ: ಹೋಮ್ ಕಾರ್ನರ್, ಅವೇ ಕಾರ್ನರ್. ತವರಿನ ಮೂಲೆಯಲ್ಲಿ ಊರ ಹುಡುಗ. ಪರೂರಿನ ಮೂಲೆಯಲ್ಲಿ ನೂರೈವತ್ತು ಮೈಲಿ ಕಾರು ಓಡಿಸಿಕೊಂಡು ಬಂದವನು. ಈ ಎರಡನೆಯವನಿಗೆ ಜರ್ನಿಮನ್ ಅಂತ ಹೆಸರು. ಪದದ ಮೂಲ ಅರ್ಥ ದಿನಗೂಲಿಗೆ ದುಡಿಯುವ ಕಸುಬುದಾರ ಎಂದು. ಆ ಪದ ಬಂದದ್ದು ಪ್ರಯಾಣದಿಂದಲ್ಲ, ಆದರೂ ಇವರ ಮಟ್ಟಿಗೆ ಎರಡೂ ಅರ್ಥ ಸರಿಹೋಗುತ್ತವೆ.

ಊರ ಹುಡುಗನ ಕಡೆಗೆ ತಕ್ಕಡಿ ವಾಲುವುದಕ್ಕೆ ಒಳಸಂಚು ಬೇಕಾಗಿಲ್ಲ, ಲೆಕ್ಕಪತ್ರ ಸಾಕು. ಸಣ್ಣ ಸಭಾಂಗಣಗಳ ಪಂದ್ಯಾವಳಿಗೆ ಟಿವಿ ದುಡ್ಡು ಇರುವುದಿಲ್ಲ. ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿರುವ ಯಾರ್ಕ್ ಹಾಲ್ ತುಂಬಿದರೂ ಸಾವಿರದ ಇನ್ನೂರರ ಆಸುಪಾಸು ಜನ. ಬರುವ ಹಣವೆಲ್ಲ ಟಿಕೆಟ್‌ನಿಂದ, ಟಿಕೆಟ್ ಮಾರುವವನು ತವರಿನ ಬಾಕ್ಸರೇ. ಅಣ್ಣತಮ್ಮಂದಿರು, ಕೆಲಸದ ಜಾಗದ ಗೆಳೆಯರು, ಓಣಿಯ ಪಬ್‌ನವರು, ಹೀಗೆ ಕೈಯಾರೆ ಮಾರಬೇಕು. ಲೆಕ್ಕಕ್ಕೆ ಟಿಕೆಟ್ ಒಂದಕ್ಕೆ 40 ಪೌಂಡ್ ಅಂತಿಟ್ಟುಕೊಳ್ಳಿ, ಎದುರಾಳಿಯ ಸಂಭಾವನೆ 1,200 ಪೌಂಡ್. ಅಲ್ಲಿಗೆ ಮೊದಲ 30 ಟಿಕೆಟ್‌ನ ದುಡ್ಡು ಎದುರು ಮೂಲೆಗೆ ಹೋಯಿತು. ಆಮೇಲೆ ಸಭಾಂಗಣದ ಬಾಡಿಗೆ, ವೈದ್ಯರು, ಆಂಬ್ಯುಲೆನ್ಸ್, ರೆಫರಿ, ಇವುಗಳಲ್ಲಿ ಅವನ ಪಾಲು. ಅದೆಲ್ಲ ಕಳೆದು ಮಿಕ್ಕಿದ್ದು ಊರ ಹುಡುಗನ ಸಂಪಾದನೆ. ಎಷ್ಟೋ ಸಲ ಗೆದ್ದವನ ಜೇಬು ಬರಿದು, ಸೋತವನ ಜೇಬಿನಲ್ಲಿ ಗಟ್ಟಿ ಹಣ.

ಸೋತವನ ಆ 1,200ರಲ್ಲೂ ಪಾಲುದಾರರಿದ್ದಾರೆ. ಮ್ಯಾನೇಜರ್‌ಗೆ ನೂರಕ್ಕೆ 25ರವರೆಗೆ, ತರಬೇತುದಾರನಿಗೆ 10 ಅನ್ನುವುದು ರೂಢಿ. ಹಾಗೆ ಹಿಡಿದರೆ ಕೈಗೆ 780 ಪೌಂಡ್, ಅದರೊಳಗೇ ಪೆಟ್ರೋಲು, ಊಟ. ವರ್ಷಕ್ಕೊಮ್ಮೆ ಪರವಾನಗಿ ನವೀಕರಣಕ್ಕೆ ಮೆದುಳಿನ ಸ್ಕ್ಯಾನ್, ಎಚ್‌ಐವಿ ಮತ್ತು ಹೆಪಟೈಟಿಸ್‌ಗೆ ರಕ್ತಪರೀಕ್ಷೆ ಬೇರೆ. ತಿಂಗಳಿಗೆ ಒಂದು ಪಂದ್ಯ ಆಡಿದರೆ ಇದು ಸಂಸಾರ ನಡೆಸುವ ಕಸುಬಾಗದು. ಎರಡು ಮೂರು ಆಡಿದರೆ ಆಗುತ್ತದೆ. ಈ ಜನ ಯೋಚಿಸುವ ರೀತಿಯೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ: ಮುಂದಿನ ಶನಿವಾರಕ್ಕೂ ನಾನು ಸಿದ್ಧ ಇರಬೇಕು.

ಹಾಗೆ ನೋಡಿದರೆ ಜರ್ನಿಮನ್‌ಗೆ ಅಂಕಗಳ ಮೇಲಿನ ಸೋಲು ಸೋಲೇ ಅಲ್ಲ. ರೆಫರಿ ಪಂದ್ಯ ನಿಲ್ಲಿಸಿಬಿಟ್ಟರೆ ಅದು ಸೋಲು. ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ ಆಫ್ ಕಂಟ್ರೋಲ್ ಅಂಥವನನ್ನು ಕನಿಷ್ಠ 28 ದಿನ ಕೂರಿಸುತ್ತದೆ. ನೆಲಕ್ಕೆ ಬಿದ್ದು ಏಳದೇ ಹೋದರೆ ಇನ್ನೂ ಹೆಚ್ಚು ದಿನ. ಅಷ್ಟು ದಿನ ಕೂಲಿ ಇಲ್ಲ. ಹುಬ್ಬಿನ ಮೇಲೆ ಆಳವಾದ ಗಾಯವಾದರೂ ಅದೇ ಕಥೆ, ಹೊಲಿಗೆ ಮಾಗುವವರೆಗೆ ಫೋನ್ ಎತ್ತುವ ಹಾಗಿಲ್ಲ. ನನೀಟನ್‌ನ ಕ್ರಿಸ್ಟಿಯನ್ ಲೈಟ್ 2018ರಲ್ಲಿ ನಿವೃತ್ತನಾದಾಗ ಅವನ ಲೆಕ್ಕವೂ ಸರಿಯಾಗಿ 300 ಪಂದ್ಯ: 12 ಗೆಲುವು, 9 ಸಮ, 279 ಸೋಲು. ನಿಲ್ಲಿಸಲ್ಪಟ್ಟದ್ದು ಐದೇ ಸಲ. ಅವನ ಅಡ್ಡಹೆಸರು 'ಮಿಸ್ಟರ್ ರಿಲಯಬಲ್', ಅಂದರೆ ನಂಬಿಗಸ್ಥ. ಪಂದ್ಯ ಏರ್ಪಡಿಸುವ ಪ್ರವರ್ತಕರ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಬಿರುದು ಇಲ್ಲ. ಹೇಳಿದ ತೂಕಕ್ಕೆ ಬರುತ್ತಾನೆ, ಹೇಳಿದ ಹೊತ್ತಿಗೆ ಬರುತ್ತಾನೆ, ಅವರ ಹುಡುಗನಿಗೆ ನಾಲ್ಕು ಸುತ್ತಿನ ಪಾಠ ಕೊಟ್ಟು ಹೋಗುತ್ತಾನೆ.

ಆ ಪಾಠ ಹೇಗಿರುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕು. ಗ್ಯಾಲರಿಯಿಂದ ಕಾಣುವುದು ಊರ ಹುಡುಗ ಮುನ್ನುಗ್ಗುತ್ತಿದ್ದಾನೆ, ಇನ್ನೊಬ್ಬ ಹಿಂದೆ ಸರಿಯುತ್ತಿದ್ದಾನೆ, ಇಷ್ಟೇ. ಆದರೆ ಹಿಂದೆ ಸರಿಯುವವನ ಗದ್ದ ಎಡಭುಜದ ಹಿಂದೆ ಹುದುಗಿದೆ. ಬಲಗೈ ಅಂಗೈಯನ್ನು ಕೆನ್ನೆಯ ಮುಂದೆ ತೆರೆದಿಟ್ಟಿದ್ದಾನೆ, ಬಂದ ಜಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಚೆಂಡು ಹಿಡಿದ ಹಾಗೆ ಅಲ್ಲಿ ಬೀಳುತ್ತದೆ. ಮೊಣಕೈಗಳು ಪಕ್ಕೆಲುಬಿಗೆ ಅಂಟಿಕೊಂಡಿವೆ, ಹೊಟ್ಟೆಗೆ ಹೊಡೆಯಹೋದ ಗುದ್ದು ಮೊಣಕೈ ಮೂಳೆಗೆ ತಾಗಿ ಹೊಡೆದವನ ಕೈಗೇ ನೋವು. ಮೂರನೇ ಗುದ್ದು ಬರುವಷ್ಟರಲ್ಲಿ ಅವನು ಹಿಂದಕ್ಕೆ ಹೋಗುವ ಬದಲು ಒಂದು ಹೆಜ್ಜೆ ಮುಂದಿಟ್ಟು ಎದೆಗೆ ಎದೆ ತಾಗಿಸುತ್ತಾನೆ, ಎದುರಾಳಿಯ ಎರಡೂ ತೋಳುಗಳನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾನೆ. ರೆಫರಿ 'ಬ್ರೇಕ್' ಅನ್ನುವ ಹೊತ್ತಿಗೆ ಆರೇಳು ಸೆಕೆಂಡು ಕಳೆದಿರುತ್ತದೆ. ಬಿಡಿಸಿಕೊಳ್ಳುವಾಗ ಎದುರಾಳಿಯನ್ನು ಅರ್ಧ ಸುತ್ತು ತಿರುಗಿಸಿ ಅವನ ಬೆನ್ನನ್ನೇ ಹಗ್ಗಕ್ಕೆ ತಂದಿರುತ್ತಾನೆ. ಇಪ್ಪತ್ತರ ಹುಡುಗ ಮತ್ತೆ ಮೊದಲಿನಿಂದ ದೂರ ಅಳೆಯಬೇಕು. ಮೂರು ನಿಮಿಷದ ಒಂದು ಸುತ್ತಿನಲ್ಲಿ ಹೀಗೆ ಎಂಟು ಹತ್ತು ಸಲ ಮಾಡಿದರೆ ಒಂದು ನಿಮಿಷ ಕರಗಿಹೋಯಿತು.

ಇದರ ನಡುವೆ ಅವನು ರೆಫರಿಯನ್ನೂ ನೋಡಿಕೊಳ್ಳಬೇಕು. ತಿರುಗಿ ಹೊಡೆಯದೆ ಸುಮ್ಮನೆ ತಡೆಯುತ್ತ ನಿಂತವನನ್ನು ಕಂಡರೆ ರೆಫರಿಗೆ ಆತಂಕ ಶುರುವಾಗುತ್ತದೆ. ಗುದ್ದುಗಳೆಲ್ಲ ಗ್ಲೌಸ್ ಮೇಲೇ ಬೀಳುತ್ತಿದ್ದರೂ ಹಿಂದಿನಿಂದ ನೋಡಿದರೆ ಏಟು ತಿನ್ನುತ್ತಿರುವ ಹಾಗೇ ಕಾಣುತ್ತದೆ. ಹಾಗಾಗಿ ರೆಫರಿ ಅರ್ಧ ಹೆಜ್ಜೆ ಹತ್ತಿರ ಬಂದ ತಕ್ಷಣ ಅನುಭವಸ್ಥ ಎರಡು ಜಾಬ್ ಬಿಡುತ್ತಾನೆ. ತಾಗಿಸಲೇಬೇಕೆಂದು ಅಲ್ಲ, ನನಗೆ ಪ್ರಜ್ಞೆ ಇದೆ ಅಂತ ತೋರಿಸಲು. ಕೆಲವರು ಕಣ್ಣು ಹೊಡೆಯುತ್ತಾರೆ, ನಾಲಿಗೆ ಚಾಚುತ್ತಾರೆ, ಪ್ರೇಕ್ಷಕರನ್ನು ಕೆಣಕುತ್ತಾರೆ. ಜನಕ್ಕೆ ಮನರಂಜನೆ, ರೆಫರಿಗೆ ಸಂದೇಶ.

ಎಲ್ಲಿ ಎಡವಟ್ಟಾಗುತ್ತದೆ? ಹೆಚ್ಚಾಗಿ ಎರಡು ಕಡೆ. ಒಂದು, ತಲೆಗೆ ತಲೆ ಡಿಕ್ಕಿ. ಊರ ಹುಡುಗ ಜನರ ಗದ್ದಲಕ್ಕೆ ಹುಮ್ಮಸ್ಸು ಬಂದು ತಲೆ ಬಗ್ಗಿಸಿ ನುಗ್ಗುತ್ತಾನೆ, ಹುಬ್ಬು ಸೀಳುತ್ತದೆ. ಸುತ್ತುಗಳ ನಡುವೆ ಇರುವುದು ಒಂದು ನಿಮಿಷ. ಸ್ಟೂಲಿನ ಮೇಲೆ ಕೂರುವುದು, ಏಳುವುದು ಕಳೆದರೆ ಕೆಲಸಕ್ಕೆ ಸಿಗುವುದು ನಲವತ್ತು ಸೆಕೆಂಡು. ಮೊದಲು ಒಣ ಬಟ್ಟೆಯಿಂದ ಒರೆಸಿ, 1:1000 ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿಯ ಕಡ್ಡಿಯನ್ನು ಗಾಯದೊಳಕ್ಕೆ ಒತ್ತಿ ಹಿಡಿಯಬೇಕು, ಒತ್ತಿದ ಕೈ ತೆಗೆಯಬಾರದು, ಆಮೇಲೆ ಮೇಲಿಂದ ವ್ಯಾಸಲೀನ್. ನಡುವೆ ಎತ್ತಿ ಎತ್ತಿ ನೋಡಿದರೆ ರಕ್ತ ನಿಲ್ಲುವುದೇ ಇಲ್ಲ. ಇಲ್ಲಿ ಪರೂರಿನವನ ಕಷ್ಟ ಏನೆಂದರೆ, ಎಷ್ಟೋ ಸಲ ಅವನ ಮೂಲೆಯಲ್ಲಿ ನಿಂತವನು ಅವನ ಸ್ವಂತ ತರಬೇತುದಾರನೇ ಅಲ್ಲ. ಒಬ್ಬನ ಖರ್ಚು ಉಳಿಯಲಿ ಅಂತ ಒಂಟಿಯಾಗಿ ಬಂದಿರುತ್ತಾನೆ. ಪ್ರವರ್ತಕ ಒದಗಿಸಿದ ಸ್ಥಳೀಯ ಸಹಾಯಕ ಆ ರಾತ್ರಿ ಇನ್ನೂ ನಾಲ್ಕು ಜನರ ಬಕೆಟ್ ಹೊತ್ತಿರುತ್ತಾನೆ.

ಎರಡನೆಯದು ತೂಕ. ಕರೆ ಬರುವುದು ಪಂದ್ಯಕ್ಕೆ ವಾರ ಇರುವಾಗ, ಎಷ್ಟೋ ಸಲ ಹಿಂದಿನ ದಿನ. ಮೊದಲು ಒಪ್ಪಿದವನಿಗೆ ಜ್ವರ ಬಂದಿರುತ್ತದೆ. ಅದಕ್ಕೇ ಜರ್ನಿಮನ್ ವರ್ಷವಿಡೀ ಪಂದ್ಯದ ತೂಕದ ಒಂದೆರಡು ಕಿಲೋ ಒಳಗೇ ಇರುತ್ತಾನೆ. ನೀರು ಇಳಿಸಿ ತೂಕ ತೋರಿಸುವ ಆಟ ಅವನಿಗೆ ಆಗಿಬರದು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಹಾಗೆ ಮೂರು ಕಿಲೋ ಇಳಿಸಿಕೊಂಡವನು ಸಾವಕಾಶವಾಗಿ ತುಂಬಿಕೊಳ್ಳಲು ಪೂರ್ತಿ ಒಂದು ದಿನ ಬೇಕು. ಆ ದಿನ ಇವನು ಹೆದ್ದಾರಿಯಲ್ಲಿರುತ್ತಾನೆ. ಹಾಗಾಗಿ ತನಗಿಂತ ನಾಲ್ಕೈದು ಕಿಲೋ ಭಾರದವನ ಜೊತೆ ಆಡುವುದು ಅವನಿಗೆ ಮಾಮೂಲು.

ಈಗ ಅಂಕಗಳ ವಿಷಯ. ಬ್ರಿಟನ್ನಿನ ಸಣ್ಣ ಪಂದ್ಯಗಳಲ್ಲಿ ಮೂರು ಜನ ತೀರ್ಪುಗಾರರು ಇರುವುದಿಲ್ಲ, ರಿಂಗ್ ಒಳಗಿರುವ ರೆಫರಿಯೊಬ್ಬನೇ ಅಂಕ ಬರೆದುಕೊಳ್ಳುತ್ತಾನೆ. ಸುತ್ತು ಗೆದ್ದವನಿಗೆ 10, ಸೋತವನಿಗೆ 9. ನಾಲ್ಕೂ ಸುತ್ತು ಒಬ್ಬನದೇ ಆದರೆ 40-36. ಹೆಚ್ಚಿನ ಜರ್ನಿಮನ್‌ಗಳ ದಾಖಲೆ ಪುಸ್ತಕದ ತುಂಬ 40-36, 39-37. ಪೈಪೋಟಿಯ ಸುತ್ತು ಯಾರ ಕಡೆ ಹೋಗುತ್ತದೆ ಅನ್ನುವುದಕ್ಕೆ ಗದ್ದಲ ಒಂದು ಕಾರಣ. ಗ್ಲೌಸ್‌ಗೆ ತಾಗಿದ ಗುದ್ದಿಗೂ ಆರುನೂರು ಜನ 'ಹೋ' ಅಂದರೆ ಅದು ತಾಗಿದಂತೆಯೇ. ಪರೂರಿನವನು ಶುದ್ಧವಾಗಿ ಮುಖಕ್ಕೆ ಕೊಟ್ಟ ಜಾಬ್‌ಗೆ ಸಭಾಂಗಣ ಮೌನ.

ಇದು ಬರೀ ಗೊಣಗಾಟವಲ್ಲ. ಬ್ರಿಟನ್ನಿನ ಸಂಶೋಧಕರು 1910ರಿಂದ 2002ರವರೆಗಿನ ಯುರೋಪಿಯನ್ ಚಾಂಪಿಯನ್‌ಶಿಪ್ ಪಂದ್ಯಗಳನ್ನು ಲೆಕ್ಕಹಾಕಿ 2005ರಲ್ಲಿ ಪ್ರಕಟಿಸಿದ್ದರು. ನಾಕೌಟ್ ಆದ ಪಂದ್ಯಗಳಲ್ಲಿ ತವರಿನವನು ಗೆಲ್ಲುವ ಸಂಭವ ನೂರಕ್ಕೆ 57. ರೆಫರಿ ನಡುವೆ ನಿಲ್ಲಿಸಿದವುಗಳಲ್ಲಿ 66. ತೀರ್ಪುಗಾರರ ಅಂಕಗಳ ಮೇಲೆ ನಿರ್ಧಾರವಾದವುಗಳಲ್ಲಿ 74. ನೆಲಕ್ಕೆ ಬಿದ್ದವನು ಯಾರ ಊರಿನವನಾದರೂ ಬಿದ್ದವನೇ. ಮನುಷ್ಯರ ಅಭಿಪ್ರಾಯಕ್ಕೆ ಜಾಗ ಹೆಚ್ಚಾದಂತೆಲ್ಲ ತವರಿನ ಪಾಲು ಏರುತ್ತ ಹೋಗುತ್ತದೆ. 57ರಿಂದ 74ಕ್ಕೆ ಇರುವ ಆ ಹದಿನೇಳರ ಅಂತರವೇ ಪರೂರಿನ ಮೂಲೆಯವನು ಕಟ್ಟುವ ಸುಂಕ. ನಮ್ಮ ಬೆಳಗಾವಿ, ಧಾರವಾಡ ಕಡೆಯ ಜಾತ್ರೆಗಳಲ್ಲಿ ನಿಕಾಲಿ ಕುಸ್ತಿ ಅಂತ ಇಡುತ್ತಾರಲ್ಲ, ಬೆನ್ನು ಮಣ್ಣಿಗೆ ತಾಗಿ ಫಲಿತಾಂಶ ಸಿಗುವವರೆಗೆ ಆಡುವುದು, ಅಲ್ಲಿ ಹೊರಗಿನ ಪೈಲ್ವಾನನಿಗೆ ಈ ಕಾಟ ಕಡಿಮೆ. ಬಾಕ್ಸಿಂಗ್‌ನಲ್ಲಿ ಆ ಭಾಗ್ಯ ಇಲ್ಲ.

ಹಾಗಾದರೆ ಜರ್ನಿಮನ್ ಗೆಲ್ಲಲು ಯಾಕೆ ಹೋಗುವುದಿಲ್ಲ? ಕೆಲವೊಮ್ಮೆ ಹೋಗುತ್ತಾನೆ, ಆದರೆ ಮೂರು ನಾಲ್ಕು ಸಲ ಊರ ಹುಡುಗರನ್ನು ಕೆಡವಿದರೆ ಫೋನ್ ನಿಲ್ಲುತ್ತದೆ. ಇನ್ನೂರು ಟಿಕೆಟ್ ಮಾರುವ ಹುಡುಗನನ್ನು ಅಂಥವನ ಎದುರು ನಿಲ್ಲಿಸಲು ಯಾವ ಪ್ರವರ್ತಕನೂ ತಯಾರಿಲ್ಲ. ಇದರ ಅರ್ಥ ಪಂದ್ಯ ಮಾರಿಕೊಂಡ ಅಂತಲ್ಲ. ಯಾರೂ ಯಾರಿಗೂ 'ಸೋಲು' ಅಂತ ಹೇಳುವ ಅಗತ್ಯ ಬೀಳುವುದಿಲ್ಲ, ಎಲ್ಲರಿಗೂ ಲೆಕ್ಕ ಗೊತ್ತು. ಇಷ್ಟಕ್ಕೆ ಈ ವ್ಯವಸ್ಥೆಯನ್ನು ಕೆಟ್ಟದ್ದು ಅನ್ನಲು ಮನಸ್ಸು ಬರುವುದಿಲ್ಲ. ಕಲಿಯುವ ಹುಡುಗನಿಗೆ ಮೊದಲ ಹತ್ತು ಪಂದ್ಯದಲ್ಲಿ ಬೇಕಾದದ್ದು ತನ್ನನ್ನು ಘಾಸಿಗೊಳಿಸದೆ ತಪ್ಪು ತೋರಿಸಿಕೊಡುವ ಎದುರಾಳಿ. ಕೆಟ್ಟದ್ದು ಎಲ್ಲಿದೆ ಅಂದರೆ, ಆ ಕೆಲಸಕ್ಕೆ ಕಸುಬು ಗೊತ್ತಿಲ್ಲದವರನ್ನು, ತಡೆಯಲೂ ಬಾರದವರನ್ನು ಕಡಿಮೆ ಸಂಭಾವನೆಗೆ ವಿಮಾನ ಹತ್ತಿಸಿ ಕರೆತರುವುದರಲ್ಲಿ. ಅಂಥವರು ಸೋಲುವುದು ಮೊದಲ ಸುತ್ತಿನಲ್ಲೇ, ಅವರಿಂದ ಯಾರೂ ಏನೂ ಕಲಿಯುವುದಿಲ್ಲ.

ಮೇಲಿನ ಮಟ್ಟದಲ್ಲಿ, ವಿಶ್ವ ಪ್ರಶಸ್ತಿಯ ಪಂದ್ಯಗಳಲ್ಲಿ, ಆಟ ಬದಲಾಗುತ್ತದೆ. ಅಲ್ಲಿ ಮೂರು ತೀರ್ಪುಗಾರರು, ಸಾಮಾನ್ಯವಾಗಿ ಬೇರೆ ದೇಶದವರು. ಆದರೂ ರಿಂಗ್ ಕಟ್ಟುವವರು, ಹೋಟೆಲ್ ಗೊತ್ತುಮಾಡುವವರು ಎಲ್ಲ ತವರಿನ ಕಡೆಯವರೇ. ಹೊರಗಿನಿಂದ ಹೋದ ತಂಡಕ್ಕೆ ನಿಜವಾದ ಮೊದಲ ಸುತ್ತು ಶುರುವಾಗುವುದು ಗಂಟೆ ಬಾರಿಸುವುದಕ್ಕೆ ಎರಡು ದಿನ ಮೊದಲು.

2015ರ ನವೆಂಬರ್ 28ರಂದು ಡ್ಯೂಸೆಲ್‌ಡಾರ್ಫ್‌ನಲ್ಲಿ ಇಂಗ್ಲೆಂಡಿನ ಟೈಸನ್ ಫ್ಯೂರಿ ಹೆವಿವೇಟ್ ಚಾಂಪಿಯನ್ ವ್ಲಾದಿಮಿರ್ ಕ್ಲಿಚ್ಕೊ ಎದುರು ಆಡಿದ್ದು ಇದಕ್ಕೆ ಒಳ್ಳೆಯ ಪಾಠ. ಕ್ಲಿಚ್ಕೊ ಉಕ್ರೇನಿನವನಾದರೂ ಜರ್ಮನಿ ಅವನ ವೃತ್ತಿಯ ತವರು. ಹನ್ನೊಂದು ವರ್ಷದಿಂದ ಸೋತಿರಲಿಲ್ಲ. ಫ್ಯೂರಿಯ ತಂಡ ರಿಂಗ್ ಹತ್ತಿ ನಡೆದು ನೋಡಿತು. ಕ್ಯಾನ್ವಾಸ್ ಕೆಳಗೆ ಹೆಚ್ಚುವರಿ ಫೋಮ್ ಹಾಕಿದ್ದರು, ಕಾಲು ಹೂತುಹೋಗುವಷ್ಟು ಮೆತ್ತಗಿತ್ತು. ಮೆತ್ತನೆ ನೆಲ ಅಂದರೆ ಸಾಮಾನ್ಯರಿಗೆ ಆರಾಮ ಅನ್ನಿಸಬಹುದು. ಆದರೆ ಕಾಲ ಮೇಲೆ ಸುತ್ತುತ್ತ ಆಡುವವನಿಗೆ ಅದು ಮರಳಿನಲ್ಲಿ ಓಡಿದ ಹಾಗೆ, ಆರನೇ ಸುತ್ತಿಗೆ ತೊಡೆ ಕಲ್ಲಾಗುತ್ತದೆ. ನಿಂತಲ್ಲೇ ನಿಂತು ಹೊಡೆಯುವವನಿಗೆ ಲಾಭ. ಪಂದ್ಯವನ್ನೇ ಬಿಟ್ಟು ಹೋಗುತ್ತೇವೆ ಅನ್ನುವವರೆಗೆ ಜಗಳ ಹೋಗಿ ಫೋಮ್ ತೆಗೆಸಿದರು. ಗ್ಲೌಸ್ ಬಗ್ಗೆಯೂ ತಕರಾರು ಎದ್ದಿತು. ಕೊನೆಗೆ ಪಂದ್ಯದ ರಾತ್ರಿ ಫ್ಯೂರಿ ಕಡೆಯವರು ಯಾರೂ ಇಲ್ಲದಾಗ ಕ್ಲಿಚ್ಕೊ ಕೈಗೆ ಪಟ್ಟಿ ಸುತ್ತಿಸಿಕೊಂಡಿದ್ದ. ಅದನ್ನು ಬಿಚ್ಚಿಸಿ ಅವರ ಕಣ್ಣೆದುರು ಮತ್ತೆ ಸುತ್ತಿಸಲಾಯಿತು. 115-112, 115-112, 116-111. ಮೂರೂ ಫ್ಯೂರಿಗೆ.

ಕೈಪಟ್ಟಿ ನೋಡುವುದು ಯಾಕೆ ಇಷ್ಟು ಮುಖ್ಯ ಅಂದರೆ, ಗ್ಲೌಸ್ ಒಳಗೆ ಏನಿದೆ ಅನ್ನುವುದನ್ನು ಆಮೇಲೆ ಯಾರೂ ನೋಡಲಾಗುವುದಿಲ್ಲ. ಬ್ರಿಟನ್ನಿನಲ್ಲಿ ಒಂದೊಂದು ಕೈಗೆ ಎರಡು ಇಂಚು ಅಗಲದ ಮೆತ್ತನೆ ಬ್ಯಾಂಡೇಜ್ 18 ಅಡಿ ಮೀರುವಂತಿಲ್ಲ, ಅಂಟುಪಟ್ಟಿಗೂ ಅಳತೆ ಇದೆ, ಅದು ಗೆಣ್ಣುಗಳ ಮೇಲೆ ಹೋಗಕೂಡದು. ಪದರ ಪದರವಾಗಿ ಅಂಟುಪಟ್ಟಿ ಹಾಕಿದರೆ ಬೆವರಿಗೆ ನೆಂದು ಒಣಗಿ ಗಟ್ಟಿಯಾಗುತ್ತದೆ. ಎದುರಾಳಿಯ ಕೋಣೆಗೆ ಒಬ್ಬನನ್ನು ಕಳಿಸಿ, ಸುತ್ತುವುದನ್ನು ಮೊದಲಿಂದ ಕೊನೆವರೆಗೆ ನಿಂತು ನೋಡಿ, ಮೇಲೆ ಸಹಿ ಹಾಕಿಸಬೇಕು. ಪರೂರಿಗೆ ಮೂರೇ ಜನ ಹೋದರೂ ಒಬ್ಬನಿಗೆ ಇದೇ ಕೆಲಸ ಮೀಸಲಿಡಬೇಕು. ತೂಕದ ಯಂತ್ರವೂ ಅಷ್ಟೇ. ಅಧಿಕೃತ ತಕ್ಕಡಿ ಯಾವ ಕೋಣೆಯಲ್ಲಿದೆ ಅಂತ ಮೊದಲೇ ಕೇಳಿ, ಹಿಂದಿನ ರಾತ್ರಿ ಅದರ ಮೇಲೇ ಹತ್ತಿ ನೋಡಬೇಕು. ಹೋಟೆಲ್‌ನ ಸ್ನಾನದ ಮನೆಯ ತಕ್ಕಡಿ ನಂಬಿ ಬೆಳಗ್ಗೆ ಮುನ್ನೂರು ಗ್ರಾಂ ಹೆಚ್ಚು ತೂಗಿ, ಹಗ್ಗ ಜಿಗಿದು ಬೆವರು ಹರಿಸಿ, ಕಾಲಲ್ಲಿ ಶಕ್ತಿಯೇ ಇಲ್ಲದೆ ರಿಂಗ್ ಹತ್ತುವವರಿದ್ದಾರೆ. ದೂರ ದೇಶವಾದರೆ ಗಂಟೆಯ ವ್ಯತ್ಯಾಸ ಎಷ್ಟೋ ಅಷ್ಟು ದಿನ ಮೊದಲು ಹೋಗಬೇಕು ಅನ್ನುವುದು ಹಳೆಯ ಲೆಕ್ಕ. ಐದೂವರೆ ಗಂಟೆ ವ್ಯತ್ಯಾಸಕ್ಕೆ ಆರು ದಿನ. ಅಷ್ಟು ದಿನದ ಕೋಣೆ ಬಾಡಿಗೆ ಯಾರು ಕೊಡುತ್ತಾರೆ ಅನ್ನುವುದನ್ನು ಕರಾರಿನಲ್ಲೇ ಬರೆಸದಿದ್ದರೆ ವಿಮಾನದ ಟಿಕೆಟ್ ಎರಡು ದಿನ ಮೊದಲಿನದ್ದು ಬರುತ್ತದೆ. ಅದೇ ಕರಾರಿನಲ್ಲಿ ಮರುಪಂದ್ಯದ ಷರತ್ತೂ ಇರುತ್ತದೆ: ನೀನು ಗೆದ್ದರೆ ಮುಂದಿನ ಪಂದ್ಯವೂ ನಮ್ಮವನ ಜೊತೆಗೇ.

ಜಮೈಕಾದಲ್ಲಿ ಹುಟ್ಟಿ ಮಯಾಮಿಯಲ್ಲಿ ನೆಲೆಸಿದ ಗ್ಲೆನ್ ಜಾನ್ಸನ್‌ಗೆ 'ರೋಡ್ ವಾರಿಯರ್' ಅನ್ನುವ ಹೆಸರು ಬಂದದ್ದು ಸುಮ್ಮನೆ ಅಲ್ಲ. ಜರ್ಮನಿ, ಇಟಲಿ, ಇಂಗ್ಲೆಂಡ್, ಎಲ್ಲಿ ಕರೆದರೆ ಅಲ್ಲಿಗೆ ಹೋದ, ಅಂಕಗಳ ಮೇಲೆ ಸೋತು ಸೋತು ಬಂದ. 2003ರ ನವೆಂಬರ್‌ನಲ್ಲಿ ಕ್ಲಿಂಟನ್ ವುಡ್ಸ್‌ನ ಊರಾದ ಶೆಫೀಲ್ಡ್‌ಗೆ ಹೋಗಿ ಐಬಿಎಫ್ ಅನ್ನುವ ಬಾಕ್ಸಿಂಗ್ ಸಂಸ್ಥೆಯ, ಖಾಲಿ ಇದ್ದ ಲೈಟ್ ಹೆವಿವೇಟ್ ಪಟ್ಟಕ್ಕೆ ಆಡಿದಾಗ ಫಲಿತಾಂಶ ಸಮ. ಮೂರು ತಿಂಗಳಿಗೆ ಮತ್ತೆ ಅದೇ ಶೆಫೀಲ್ಡ್‌ಗೆ ಹೋಗಿ ಗೆದ್ದ. 2004ರ ಸೆಪ್ಟೆಂಬರ್‌ನಲ್ಲಿ ಮೆಂಫಿಸ್‌ನಲ್ಲಿ ರಾಯ್ ಜೋನ್ಸ್‌ನನ್ನು ಒಂಬತ್ತನೇ ಸುತ್ತಿನಲ್ಲಿ ಮಲಗಿಸಿದ, ಡಿಸೆಂಬರ್‌ನಲ್ಲಿ ಆಂಟೋನಿಯೊ ಟಾರ್ವರ್‌ನನ್ನೂ ಸೋಲಿಸಿ ವರ್ಷದ ಬಾಕ್ಸರ್ ಅನ್ನಿಸಿಕೊಂಡ. ಅವನದು ಸೊಗಸಿನ ಆಟವಲ್ಲ. ಗದ್ದ ತಗ್ಗಿಸಿ, ಬಿಡುವಿಲ್ಲದೆ ಮುಂದೆ ನಡೆಯುತ್ತ, ಸುತ್ತಿನ ಮೂರೂ ನಿಮಿಷ ಹೊಡೆಯುತ್ತಲೇ ಇರುವುದು. ಪರೂರಲ್ಲಿ ಅಂಕ ಬೇಕಾದವನಿಗೆ ಇದೇ ತಕ್ಕ ಶೈಲಿ. ಹಿಂದೆ ಸರಿಯುತ್ತ ಜಾಣತನದಿಂದ ಆಡುವುದು ತವರಲ್ಲಿ ಕಲೆ, ಹೊರಗೆ ಹೇಡಿತನ.

ಇದಕ್ಕೆ ತಕ್ಕ ಸಾಕ್ಷಿ ಇಮ್ಯಾನ್ಯುಯೆಲ್ ಆಗಸ್ಟಸ್. ಸೂತ್ರದ ಗೊಂಬೆಯ ಹಾಗೆ ಕುಣಿಯುತ್ತ ಆಡುತ್ತಿದ್ದ ಅಮೆರಿಕದ ಈ ಬಾಕ್ಸರ್‌ನ ದಾಖಲೆ 38 ಗೆಲುವು, 34 ಸೋಲು, 6 ಸಮ. ಫ್ಲಾಯ್ಡ್ ಮೇವೆದರ್ ತಾನು ಎದುರಿಸಿದವರಲ್ಲಿ ಅತಿ ಗಟ್ಟಿಗ ಅಂತ ಹೆಸರಿಸಿದ್ದು ಇವನನ್ನೇ. 2004ರ ಜುಲೈನಲ್ಲಿ ಮಿಶಿಗನ್‌ನ ಮಸ್ಕೀಗನ್‌ನಲ್ಲಿ ಅದೇ ರಾಜ್ಯದ ಕೋರ್ಟ್ನಿ ಬರ್ಟನ್ ಎದುರು ಆಡಿದಾಗ, ಗರಗರ ತಿರುಗಿದ ಅಂತ ರೆಫರಿ ಅವನ ಅಂಕ ಕಿತ್ತ. ಬರ್ಟನ್‌ನನ್ನು ಕೆಡವಿದ ಹೊಟ್ಟೆಯ ಗುದ್ದನ್ನು ಸೊಂಟದ ಕೆಳಗಿನ ಹೊಡೆತ ಅಂದ. ಒಬ್ಬ ತೀರ್ಪುಗಾರನ ಚೀಟಿಯಲ್ಲಿ ಬರ್ಟನ್‌ಗೆ 99-90. ಆ ಪಂದ್ಯದ ವಿಡಿಯೊ ಇವತ್ತಿಗೂ ಸಿಗುತ್ತದೆ, ಶಬ್ದ ಬಂದ್ ಮಾಡಿಕೊಂಡು ನೋಡಿದರೆ ಆ ಅಂಕ ಯಾವ ಪಂದ್ಯದ್ದು ಅಂತ ಅನುಮಾನ ಬರುತ್ತದೆ.

ಭಾರತಕ್ಕೆ ಈ ಅನುಭವ ಹೊಸದಲ್ಲ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಮಣಿಪುರದ ಸರಿತಾ ದೇವಿ ಆತಿಥೇಯ ಕೊರಿಯಾದ ಪಾರ್ಕ್ ಜಿ-ನಾಳನ್ನು ಹೊಡೆದು ಮೂಲೆಗೆ ತಳ್ಳಿದ್ದನ್ನು ಎಲ್ಲರೂ ನೋಡಿದ್ದರು. ತೀರ್ಪು ಪಾರ್ಕ್ ಕಡೆಗೆ ಹೋಯಿತು. ಪದಕ ಪ್ರದಾನದ ವೇದಿಕೆಯಲ್ಲಿ ಆಕೆ ಕಂಚನ್ನು ಪಾರ್ಕ್ ಕೊರಳಿಗೇ ಹಾಕಿ ಇಳಿದಳು. ಅದಕ್ಕೆ ಸಿಕ್ಕಿದ್ದು ಒಂದು ವರ್ಷದ ನಿಷೇಧ. ಇದರ ಇನ್ನೊಂದು ಮುಖವೂ ನಮ್ಮಲ್ಲೇ ಇದೆ. ವಿಜೇಂದರ್ ಸಿಂಗ್ ವೃತ್ತಿಪರನಾಗಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ 2016ರಲ್ಲಿ ಆಡಿದಾಗ ಪರೂರಿನ ಮೂಲೆಯಲ್ಲಿ ಕೂತವರು ವೇಲ್ಸ್ ಮೂಲದ ಕೆರ್ರಿ ಹೋಪ್, ಆಮೇಲೆ ತಾಂಜಾನಿಯಾದ ಫ್ರಾನ್ಸಿಸ್ ಚೆಕಾ. ಅವತ್ತು ಗದ್ದಲ ಮಾಡಿದವರು ನಾವು.

ಸುಂಕ ಕಟ್ಟದೇ ಪಾರಾಗುವ ದಾರಿ ಒಂದೇ, ಅದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವನು ಒಲೆಕ್ಸಾಂಡರ್ ಉಸಿಕ್. ಹೆವಿವೇಟ್‌ಗಿಂತ ಕೆಳಗಿನ ತೂಕದ ವರ್ಗವಾದ ಕ್ರೂಸರ್‌ವೇಟ್‌ನ ನಾಲ್ಕೂ ವಿಶ್ವ ಪಟ್ಟಗಳನ್ನು ಅವನು ಕೂಡಿಹಾಕಿದ್ದು ಬೇರೆಯವರ ಅಂಗಳಗಳಲ್ಲಿ: 2016ರಲ್ಲಿ ಪೋಲೆಂಡಿನ ಗ್ಡಾನ್ಸ್ಕ್‌ನಲ್ಲಿ ಪೋಲೆಂಡಿನವನೇ ಆದ ಗ್ಲೊವಾಟ್ಸ್ಕಿಯಿಂದ, 2018ರ ಜನವರಿಯಲ್ಲಿ ಲಾಟ್ವಿಯಾದ ರಿಗಾದಲ್ಲಿ ಅಲ್ಲಿಯ ಬ್ರಿಯೆಡಿಸ್‌ನಿಂದ, ಜುಲೈನಲ್ಲಿ ಮಾಸ್ಕೋದಲ್ಲಿ ರಷ್ಯಾದ ಗಾಸಿಯೆವ್‌ನಿಂದ. ಕ್ರಿಮಿಯಾದಲ್ಲಿ ಹುಟ್ಟಿದ ಉಕ್ರೇನಿನವನು 2018ರಲ್ಲಿ ಮಾಸ್ಕೋದ ರಿಂಗ್ ಹತ್ತುವುದು ಎಂಥದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಿಗಾದಲ್ಲಿ 115-113, 115-113, 114-114. ಮಾಸ್ಕೋದಲ್ಲಿ 120-108, 119-109, 119-109. ರಿಗಾದಲ್ಲಿ ಸುತ್ತುಗಳು ಪೈಪೋಟಿಯವು, ಒಂದೇ ಸುತ್ತು ಅತ್ತಿತ್ತ ಆಗಿದ್ದರೆ ಪಟ್ಟ ಅಲ್ಲೇ ಉಳಿಯುತ್ತಿತ್ತು. ಮಾಸ್ಕೋದಲ್ಲಿ ಉಸಿಕ್ ಪೈಪೋಟಿಯ ಸುತ್ತನ್ನೇ ಬಿಟ್ಟುಕೊಡಲಿಲ್ಲ. ಸುತ್ತಿನ ಶುರುವಿನಿಂದಲೇ ಮುಂದೆ ಹೋಗಿ, ಕೊನೆಯವರೆಗೂ ಗುದ್ದು ಕೊಡುತ್ತಲೇ ಗಂಟೆ ಬಾರಿಸಿಕೊಂಡ. ತೀರ್ಪುಗಾರ ಪೆನ್ನು ಹಿಡಿಯುವಾಗ ಕಣ್ಣಲ್ಲಿ ಉಳಿಯುವುದು ಆ ಕೊನೆಯ ಚಿತ್ರ.

2021ರ ಸೆಪ್ಟೆಂಬರ್ 25ರಂದು ಟಾಟನ್‌ಹ್ಯಾಮ್ ಕ್ರೀಡಾಂಗಣದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ ಲಂಡನ್ನಿನವನೇ ಆದ ಆಂಟನಿ ಜೋಶುವಾ ಎದುರು ಮಾಡಿದ್ದೂ ಇದನ್ನೇ. ಹನ್ನೆರಡನೇ ಸುತ್ತಿಗೆ ಬಂದಾಗ ಅವನು ಮುಂದಿದ್ದ, ಓಡಾಡಿಕೊಂಡು ಹೊತ್ತು ಕಳೆಯಬಹುದಿತ್ತು. ಬದಲಿಗೆ ನುಗ್ಗಿ ಹೊಡೆದ, ಗಂಟೆ ಬಾರಿಸುವಾಗ ಜೋಶುವಾ ಹಗ್ಗಕ್ಕೆ ಒರಗಿದ್ದ. ಅಂಕಗಳು 117-112, 116-112, 115-113. ಆ 115-113 ನೋಡಿದರೆ ಕೊನೆಯ ಸುತ್ತಿನಲ್ಲಿ ಸುಮ್ಮನಿರದೆ ಇದ್ದದ್ದು ಎಂಥ ವಿವೇಕ ಅಂತ ಗೊತ್ತಾಗುತ್ತದೆ. ಮಹಿಳೆಯರ ಬಾಕ್ಸಿಂಗ್‌ನಲ್ಲಿ 2023ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಶಾಂಟೆಲ್ ಕ್ಯಾಮರಾನ್ ಡಬ್ಲಿನ್‌ಗೆ ಹೋಗಿ, ಇಡೀ ಐರ್ಲೆಂಡ್ ಕಾದು ಕೂತಿದ್ದ ಕೇಟಿ ಟೇಲರ್‌ಳ ತವರು ಪಂದ್ಯದಲ್ಲಿ ಆಕೆಯನ್ನು ಸೋಲಿಸಿದ್ದೂ ಇಷ್ಟೇ ಸಣ್ಣ ಅಂತರದಲ್ಲಿ, 96-94, 96-94, 95-95. ನವೆಂಬರ್‌ನಲ್ಲಿ ಮತ್ತೆ ಡಬ್ಲಿನ್‌ಗೇ ಹೋಗಬೇಕಾಯಿತು. ಆ ಸಲ ಟೇಲರ್ ಗೆದ್ದಳು.

ಈಚೆಗೆ ದೊಡ್ಡ ಪಂದ್ಯಗಳು ರಿಯಾದ್‌ಗೆ ಹೋಗುತ್ತಿವೆ, ಅಲ್ಲಿ ಇಬ್ಬರಿಗೂ ಪರೂರೇ. ಫ್ಯೂರಿ, ಉಸಿಕ್ 2024ರ ಮೇನಲ್ಲಿ ಅಲ್ಲೇ ಆಡಿದರು, ಮೂರರಲ್ಲಿ ಎರಡು ಚೀಟಿ ಉಸಿಕ್‌ಗೆ. ತೀರ್ಪಿನ ಮಟ್ಟಿಗೆ ಇದು ಒಳ್ಳೆಯದು. ಸಣ್ಣ ಸಭಾಂಗಣಗಳಲ್ಲಿ ಮಾತ್ರ ಏನೂ ಬದಲಾಗಿಲ್ಲ. ಅಲ್ಲಿ ಟಿಕೆಟ್ ಮಾರುವವನು ಊರ ಹುಡುಗ, ಅಂಕ ಬರೆಯುವವನು ಒಬ್ಬ ರೆಫರಿ, ಶನಿವಾರ ಮಧ್ಯಾಹ್ನ ಹೆದ್ದಾರಿಯಲ್ಲಿ ಬ್ಯಾಗು ಹಾಕಿಕೊಂಡು ಹೊರಟವನ ಡಿಕ್ಕಿಯಲ್ಲಿ ಹಲ್ಲು ಕಾಯುವ ಗಮ್‌ಶೀಲ್ಡ್, ಬೂಟು, ಎರಡು ಬಣ್ಣದ ಚಡ್ಡಿ. ತವರಿನವನ ಬಣ್ಣವೇ ಆಗಿಬಿಟ್ಟರೆ ಬದಲಾಯಿಸಬೇಕಾದವನು ಇವನೇ.

ಪೀಟರ್ ಬಕ್ಲಿಯ ಮುನ್ನೂರನೇ ಪಂದ್ಯ 2008ರ ಅಕ್ಟೋಬರ್ 31ರಂದು ಆಸ್ಟನ್ ವಿಲ್ಲಾ ಲೀಶರ್ ಸೆಂಟರ್‌ನಲ್ಲಿ ನಡೆಯಿತು. ಅದು ಬರ್ಮಿಂಗ್‌ಹ್ಯಾಮ್, ಅವನದೇ ಊರು. ನಾಲ್ಕು ಸುತ್ತು ಮುಗಿದ ಮೇಲೆ ರೆಫರಿ ಎತ್ತಿದ್ದು ಬಕ್ಲಿಯ ಕೈ.